ಬಾಯಿ ನೋಡಿದ್ದೇವೆ ಎಂದು ತಿಳಿಯಿರಿ

ಹೊನ್ನಾವರದ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರನಾಗಿದ್ದ ಕಾಲದಲ್ಲಿ ನಾನು ಪ್ರತಿ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸಾಯುತ್ತಿದ್ದೆ. ಇದಕ್ಕೆ ಪ್ರತ್ಯೇಕ ಭತ್ಯೆ ಇರಲಿಲ್ಲ.

ನೀರಲ್ಲಿ ಮುಳುಗಿ ಉಸಿರು ನಿಂತವರಿಗೆ ಮತ್ತೆ ಉಸಿರು ಬರಿಸುವ ವಿದ್ಯೆಯನ್ನು ನಮ್ಮ ಡಾಕ್ಟರು ಹುಬ್ಬಳ್ಳಿಯಲ್ಲಿ ಕಲಿತು ಬಂದಿದ್ದರು. ಹೊಳೆ, ಸಮುದ್ರ ಎರಡೂ ಇರುವ ಊರು; ದವಾಖಾನೆಯ ಪ್ರತಿಯೊಬ್ಬರಿಗೂ ಅದು ಬರಬೇಕೆಂದು ಅವರ ಹಟ. ಪ್ರತಿಯೊಬ್ಬರು ಎಂದರೆ ನರ್ಸಬಾಯಿ, ಜವಾನ ಮತ್ತು ನಾನು. ನರ್ಸಬಾಯಿಯನ್ನು ಚಾಪೆಯ ಮೇಲೆ ಮಲಗಿಸುವಂತಿಲ್ಲ. ಜವಾನನ ತೋಳು ಎತ್ತಲು ಹೊರಗಿನಿಂದ ಜನ ಕರೆಸಬೇಕು. ಹೀಗೆ ಹೆಣದ ಹುದ್ದೆಗೆ ಸರ್ವಾನುಮತದಿಂದ ನನ್ನ ನೇಮಕವಾಯಿತು.

"ಕಂಪೌಂಡರೇ, ಸಾಯಿರಿ," ಎನ್ನುತ್ತಿದ್ದರು ಡಾಕ್ಟರು. ನಾನು ಬೋರಲು ಮಲಗುತ್ತಿದ್ದೆ. ಮೊದಲು ಬಾಯೊಳಗೆ ಬೆರಳು ಹಾಕಿ ಕೆಸರು, ಕಸ ಏನಿದ್ದರೂ ತೆಗೆಯಬೇಕು. ಆಮೇಲೆ ತಲೆಯ ಹತ್ತಿರ ಮಂಡಿಯೂರಿ ಬೆನ್ನು ಒತ್ತಿ, ಮೊಣಕೈ ಎತ್ತಿ, ಮತ್ತೆ ಒತ್ತಬೇಕು. ಆದರೆ ಊಟದ ಮೇಲೆ ಕವಳ ಹಾಕದೆ ನಾನು ಸಾಯುವವನಲ್ಲ. ಎಲೆ, ಅಡಿಕೆ, ತಂಬಾಕು ತುಂಬಿದ ಆ ಬಾಯಿಗೆ ಬೆರಳು ಹಾಕಲು ಯಾರಿಗೂ ಮನಸ್ಸಿಲ್ಲ.

"ಎಂತ ಮಾರಾಯ್ರೇ, ಹೆಣ ಕವಳ ತಿಂತದ್ಯಾ?" ಎಂದ ಜವಾನ.

"ಉಗುಳಿ ಬರೂಕಾಗ್ತಿಲ್ವಾ ನಿಮಗೆ?" ಎಂದರು ನರ್ಸಬಾಯಿ.

"ಈಗಷ್ಟೇ ಹಾಕಿದ್ದು. ರಸವೇ ಬಿಟ್ಟಿಲ್ಲ," ಎಂದೆ, ಸತ್ತಲ್ಲಿಂದಲೇ.

ಡಾಕ್ಟರು ಗಡಿಯಾರ ನೋಡಿದರು. "ಇರಲಿ, ಬಾಯಿ ನೋಡಿದ್ದೇವೆ ಎಂದು ತಿಳಿಯಿರಿ. ಮುಂದೆ!"

ಬುಧವಾರ ಬುಧವಾರವೂ ಹಾಗೆಯೇ ತಿಳಿದೆವು. ಒತ್ತುವ ಸರದಿ ನನಗೆ ಬಂದಾಗ ಹೆಣದ ಜಾಗಕ್ಕೆ ದಿಂಬು ಬರುತ್ತಿತ್ತು. ದಿಂಬಿಗೆ ಬಾಯಿಯೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಭಟ್ಕಳಕ್ಕೆ ಹೊರಟವನು ದೋಣಿಯಲ್ಲಿ ಶರಾವತಿ ದಾಟಿ ಆಚೆ ದಂಡೆಗೆ ಇಳಿದೆ. ಅಲ್ಲಿ ಜನ ಸೇರಿದ್ದರು. ಬಳಚಿನ ಚಿಪ್ಪು ಆಯಲು ಹೊಳೆಗಿಳಿದಿದ್ದ ತರುಣನೊಬ್ಬ ಗುಂಡಿಯಲ್ಲಿ ಮುಳುಗಿದ್ದ. ಆಗಷ್ಟೇ ಎಳೆದು ತಂದು, ನೀರು ಇಳಿಯಲೆಂದು ಮಗುಚಿದ ದೋಣಿಯ ಮೇಲೆ ಹಾಕಿದ್ದರು. ಅವನ ತಾಯಿ ನನ್ನ ಗುರುತು ಹಿಡಿದಳು.

"ಒಡಿಯಾ, ನೀವು ದವಾಖಾನೆಯವ್ರಲ್ರಾ? ಎಂತಾದ್ರೂ ಮಾಡಿ."

ಡಾಕ್ಟರನ್ನು ಕರೆತರಲು ಅದೇ ದೋಣಿಯನ್ನು ವಾಪಸು ಕಳಿಸಿದೆ. ಅವನನ್ನು ಮರಳ ಮೇಲೆ ಬೋರಲು ಮಲಗಿಸಿ ಮಂಡಿಯೂರಿದೆ. ಒತ್ತಿದೆ, ಎತ್ತಿದೆ. ಎಲ್ಲಿ ಒತ್ತಬೇಕೆಂದು ನನ್ನ ಬೆನ್ನಿಗೆ ಚೆನ್ನಾಗಿ ಗೊತ್ತಿತ್ತು. ಎಣಿಕೆ ತಪ್ಪಲಿಲ್ಲ. ಎದೆ ಮಾತ್ರ ದಿಂಬಿನ ಹಾಗೇ ಇತ್ತು.

"ಆತಾ ಒಡಿಯಾ? ಉಸುರು ಬಂತಾ?" ಎನ್ನುತ್ತಿದ್ದಳು ತಾಯಿ, ಪ್ರತಿ ಸಲ ನಾನು ಕೈ ಎತ್ತಿದಾಗ. ನಾನು ತಲೆಯಾಡಿಸುತ್ತಿದ್ದೆ. ಯಾವ ಕಡೆಗೆ ಆಡಿಸಿದೆನೋ ನನಗೇ ತಿಳಿಯದು.

ಡಾಕ್ಟರು ಬಂದು ಇಳಿದವರೇ ಮೊದಲು ಅವನ ಬಾಯಿಗೆ ಬೆರಳು ಹಾಕಿದರು. ನಾನಿನ್ನೂ ಒತ್ತುತ್ತಲೇ ಇದ್ದೆ. ಅಡಿಕೆ ಗಾತ್ರದ ಒಂದು ಕೆಂಪು ಮುದ್ದೆ ಹೊರಗೆ ಬಂತು. ಅವರು ನನ್ನನ್ನು ನೋಡಲಿಲ್ಲ. ನನ್ನನ್ನು ಸರಿಸಿ, ತಾವೇ ಕುಳಿತು ಬಹಳ ಹೊತ್ತು ಒತ್ತಿದರು. ಕೊನೆಗೆ ಎದ್ದು, ಬೆರಳನ್ನು ಮರಳಿಗೆ ಒರೆಸಿ, "ತುಂಬ ಹೊತ್ತು ನೀರಲ್ಲಿದ್ದ," ಎಂದರು. ಅದು ನಿಜವೋ, ಯಾರ ಸಮಾಧಾನಕ್ಕೆ ಹೇಳಿದ್ದೋ, ಆಮೇಲೂ ನಾನು ಕೇಳಲಿಲ್ಲ.

ತಾಯಿ ಮರಳ ಮೇಲಿದ್ದ ಆ ಮುದ್ದೆಯನ್ನೇ ನೋಡುತ್ತಿದ್ದಳು.

"ಅದು ನಾನೇ ಕಟ್ಟಿ ಕೊಟ್ಟ ಕವಳ, ಒಡಿಯಾ," ಎಂದಳು ನನಗೆ. "ಹೊಳೆ ನೀರು ತಂಪು, ಬಾಯಲ್ಲಿಟ್ಕೊ ಅಂದೆ. ನಾನೇ ಕೊಂದೆ, ಅಲ್ದಾ?"

ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಗಡಿಬಿಡಿಯಲ್ಲಿ ಉಗುಳಲು ಮರೆತಿದ್ದೆ. ನನ್ನ ಬಾಯಲ್ಲೂ ಕವಳವಿತ್ತು. ತೆರೆಯಲಿಲ್ಲ.