ರೂಲ್ಸ್ ಬದಲಾಗ್ತಿದೆಯಂತೆ

ಮನೆಯಲ್ಲಿದ್ದಾಗ ಕುಡಿದ ಲೋಟವನ್ನೂ ಎತ್ತಿಡದ ಮನುಷ್ಯ ಅವನು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೆಂಡತಿಗೆ ಜ್ವರ ಬಂದಿತ್ತು. "ರೀ, ಬಕೆಟ್‌ನಲ್ಲಿರೋ ಬೆಡ್‌ಶೀಟ್ ಒಂದು ಹಿಂಡಿ ಹರವಿಬಿಡ್ತೀರಾ?" ಎಂದು ಕೇಳಿದ್ದಕ್ಕೆ, "ಅದೇನು ಗಂಡಸರು ಮಾಡೋ ಕೆಲಸವಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದ. ಹಣೆಬರಹಕ್ಕೆ ತಮಾಷೆ ಗೊತ್ತೋ ಇಲ್ಲವೋ, ಹೊಟ್ಟೆಪಾಡಿಗಂತೂ ಚೆನ್ನಾಗಿ ಗೊತ್ತು. ಅದು ಅವನನ್ನು ಸಮುದ್ರ ದಾಟಿಸಿ, ದೊಡ್ಡದೊಂದು ಹೋಟೆಲಿನ ನೆಲಮಾಳಿಗೆಗೆ ಇಳಿಸಿ, ಯಾರ‍್ಯಾರೋ ಮಲಗಿ ಎದ್ದುಹೋದ ಬೆಡ್‌ಶೀಟುಗಳ ಗುಡ್ಡೆಯ ಮುಂದೆ ತಂದು ನಿಲ್ಲಿಸಿತು.

ಆ ನೆಲಮಾಳಿಗೆಗೆ ಕಿಟಕಿಯಿಲ್ಲ. ಒಗೆಯುವ ಯಂತ್ರಗಳು ಒಂದು ಗೋಡೆಗೆ, ಇಸ್ತ್ರಿಯ ಕಾದ ಉರುಳೆ ನಡುವೆ. ಒದ್ದೆ ಬಟ್ಟೆ ಈ ಕಡೆಯಿಂದ ಒಳಹೋಗಿ ಆ ಕಡೆ ಹಪ್ಪಳದಂತೆ ಬಿಸಿಯಾಗಿ ಹೊರಬರುತ್ತದೆ. ಅಲ್ಲಿ ಇಬ್ಬರು ನಿಂತಿರಬೇಕು. ಜೋಡಿ ಮಂಚದ ಬೆಡ್‌ಶೀಟನ್ನು ಒಬ್ಬರೇ ಮಡಿಸಲು ಬರುವುದಿಲ್ಲ. ಇಬ್ಬರೂ ಎರಡೆರಡು ಮೂಲೆ ಹಿಡಿದು, ಹಿಂದಕ್ಕೆ ಸರಿದು, ಜಗ್ಗಿ, ಮತ್ತೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆ ಕೂಡಿಸಬೇಕು. ಅವನ ಎದುರು ಮೂಲೆ ಹಿಡಿಯುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿ ಇನ್ನೂ ಹಿರಿಯಳು. ಗಂಡನನ್ನು ಎಷ್ಟೋ ವರ್ಷದ ಹಿಂದೆಯೇ ಇಲ್ಲಿಗೆ ಕರೆಸಿಕೊಂಡವಳು.

ಅವನಿಗೆ ಅಲ್ಲಿ ಮದುಮಗ ಎಂದು ಹೆಸರು. ಬಂದ ದಿನದಿಂದ "ನನ್ನ ಹೆಂಡತಿ, ಮಗಳು ಇನ್ನೇನು ಬಂದೇಬಿಡ್ತಾರೆ" ಎನ್ನುತ್ತಿದ್ದವನಿಗೆ ಬೇರೆ ಯಾವ ಹೆಸರಿಡಬೇಕು?

"ಏನಪ್ಪಾ ಮದುಮಗ, ಮದುಮಗಳು ಎಲ್ಲಿವರೆಗೆ ಬಂದ್ಳು?" ಎಂದು ಅಕ್ಕ ಮೂಲೆ ಜಗ್ಗುತ್ತ ಕೇಳುವಳು.

"ಅರ್ಜಿ ಹಾಕಾಗಿದೆ ಅಕ್ಕ. ರೂಲ್ಸ್ ಬದಲಾಗ್ತಿದೆಯಂತೆ, ಅದಕ್ಕೇ ತಡ."

"ನಡ್ಕೊಂಡು ಹೊರಟಿದ್ರೂ ಇಷ್ಟು ಹೊತ್ತಿಗೆ ಬಂದಿರೋಳು ಬಿಡು!"

ರೂಲ್ಸ್ ಬದಲಾಗುವ ಮಾತನ್ನು ಅವನು ಕಂಡುಹಿಡಿದದ್ದಲ್ಲ, ಚಹಾ ಕುಡಿಯುವ ಕೋಣೆಯಿಂದ ಎತ್ತಿಕೊಂಡದ್ದು. ಅಲ್ಲಿ ಪ್ರತಿದಿನ ಯಾರಾದರೊಬ್ಬರು ಅದನ್ನು ತರುತ್ತಿದ್ದರು. ಹೆಂಡತಿ ವೀಸಾ ನಿಲ್ಲಿಸ್ತಾರಂತೆ, ಮಕ್ಕಳದ್ದು ಮಾತ್ರ ಬಿಡ್ತಾರಂತೆ, ಇಲ್ಲ, ಎರಡೂ ಇರುತ್ತಂತೆ. ಅಂತೆಕಂತೆಗಳ ಆ ಸಂತೆಯಿಂದ ಅವನು ತನಗೆ ಬೇಕಾದ ಒಂದು 'ಅಂತೆ'ಯನ್ನು ಜೇಬಿಗೆ ಹಾಕಿಕೊಂಡು ಹೆಂಡತಿಗೂ ಅದನ್ನೇ ಹೇಳುತ್ತಿದ್ದ.

ನಿಜವೆಂದರೆ, ಅವನು ಅರ್ಜಿ ಹಾಕಿಯೇ ಇರಲಿಲ್ಲ.

ಹೆಂಡತಿ ತನ್ನ ಪಾಲಿನದೆಲ್ಲ ಮುಗಿಸಿದ್ದಳು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಅಂಗಿಗಳ ಗುಂಡಿ ಎಳೆದು ನೋಡಿ, ಸಂಜೆ ಅನ್ನಕ್ಕಿಟ್ಟು, ಒಲೆಯ ಮುಂದೆ ನಿಂತೇ ಆ ಪರದೇಶದ ಭಾಷೆ ಕಲಿತಳು. "ಕೇಳಿ ಇಲ್ಲಿ, ಸರಿಯಿದೆಯಾ ನೋಡಿ," ಎಂದು ಫೋನಿನಲ್ಲಿ ಒಪ್ಪಿಸುವಳು. "ನನಗೆ ಒಬ್ಬಳು ಮಗಳಿದ್ದಾಳೆ. ನನ್ನ ಗಂಡ ಹೋಟೆಲಿನಲ್ಲಿ ಕೆಲಸ ಮಾಡುತ್ತಾರೆ." ಪರೀಕ್ಷೆ ಪಾಸು ಮಾಡಿದಳು, ವೈದ್ಯರ ತಪಾಸಣೆ ಮುಗಿಸಿದಳು, ಕಾಗದಪತ್ರವನ್ನೆಲ್ಲ ಕಳಿಸಿಕೊಟ್ಟಳು. ಅವನು ವೀಸಾ ಕಚೇರಿಗೆ ಹೋಗಿ ಕೊಡುವುದೊಂದೇ ಬಾಕಿ.

ಒಂದು ದಿನ ಆ ಕಚೇರಿಯ ಬಾಗಿಲ ತನಕ ಹೋದವನು, ಒಳಗೆ ಬೆಂಚಿನ ಮೇಲೆ ಅಂಟಿಕೊಂಡು ಕೂತಿದ್ದ ಗಂಡ ಹೆಂಡಿರನ್ನು ನೋಡಿ ತಿರುಗಿ ಬಂದ. ಇನ್ನೊಬ್ಬ ಹೆಣ್ಣಿದ್ದಳೇ ಎಂದು ಕೇಳಬೇಡಿ. ಇದ್ದಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು. ಅವನದು ಅದಕ್ಕಿಂತ ಸಣ್ಣ ಪಾಪ. ಮಾವನ ಮನೆಯಲ್ಲಿ "ಹೋಟೆಲಿನಲ್ಲಿ ಮೇಲ್ವಿಚಾರಣೆ" ಎಂದು ಹೇಳಿಕೊಂಡಿದ್ದ. ಅವಳು ಬಂದರೆ ಈ ನೆಲಮಾಳಿಗೆಯನ್ನು ನೋಡುತ್ತಾಳೆ, ಬೆರಳ ತುದಿಯ ಸುಟ್ಟ ಕಲೆ ನೋಡುತ್ತಾಳೆ, "ಅಂದ್ರೆ ನಿಮಗೂ ಬಟ್ಟೆ ಒಗೆಯೋಕೆ ಬರುತ್ತೆ ಅನ್ನಿ" ಎಂದು ನಗುತ್ತಾಳೆ. ಆ ಒಂದು ನಗುವನ್ನು ಮುಂದೂಡುತ್ತ ಮುಂದೂಡುತ್ತ, ರಜೆಯ ದಿನ ಮಧ್ಯಾಹ್ನದವರೆಗೆ ಮಲಗುವ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಸುಖವೂ ಮೈಗೆ ಹತ್ತಿತು. "ಹಾಕಿದೆ" ಎಂದುಬಿಟ್ಟ. ಅವಳು ರಸೀದಿ ಕೇಳಲಿಲ್ಲ. ಗಂಡನ ಮಾತಿಗೆ ರಸೀದಿ ಕೇಳುವ ಹೆಣ್ಣಲ್ಲ ಅವಳು, ಕೇಳಿದ್ದರೆ ಚೆನ್ನಾಗಿತ್ತು.

ಹೀಗಿರುವಾಗ ರೂಲ್ಸ್ ನಿಜವಾಗಿಯೂ ಬದಲಾಯಿತು.

ತಣ್ಣನೆಯ ಕೋಣೆಯಲ್ಲಿ ಕೂತ ದೊಡ್ಡವರು ಒಂದು ಸಾಲು ಬರೆದರು: ಕೌಶಲವಿಲ್ಲದ ಕೆಲಸದವರು ಇನ್ನು ಮೇಲೆ ಸಂಸಾರ ಕರೆಸಿಕೊಳ್ಳುವಂತಿಲ್ಲ. ಕೌಶಲವಿಲ್ಲದವರಂತೆ! ಆ ಸಾಲು ಬರೆದವರು ಒಂದು ದಿನ ಬಂದು, ಕಾದ ಉರುಳೆಯ ಬಾಯಿಂದ ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ತೋರಿಸಲಿ. ಇವರಿಗೆ ಕೈ ಬೇಕು, ಕೈಯ ಹಿಂದೆ ಬರುವ ಮನುಷ್ಯ ಬೇಡ. ಕಂಡವರ ಜೋಡಿ ಹಾಸಿಗೆಗೆ ದಿನವೂ ಇಸ್ತ್ರಿ ಹಾಕುವವನು ತಾನು ಮಾತ್ರ ಒಂಟಿ ಮಂಚದಲ್ಲಿ ಬಿದ್ದುಕೊಂಡಿರಬೇಕು. ಆ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: ಈಗಾಗಲೇ ಅರ್ಜಿ ಹಾಕಿದವರಿಗೆ ಇದು ಅನ್ವಯಿಸುವುದಿಲ್ಲ.

ಅವತ್ತು ಸಂಜೆ ಹೆಂಡತಿಯೇ ಫೋನು ಮಾಡಿದಳು. ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿದ್ದು ಯಾವಾಗ ಎಂಬುದನ್ನೇ ಅವನು ಮರೆತಿದ್ದ.

"ರೀ, ಸುದ್ದಿ ನೋಡಿದೆ. ಎದೆ ಧಸಕ್ಕಂತು. ಆಮೇಲೆ ಪೂರ್ತಿ ಓದಿದೆ. ನಾವು ಮೊದಲೇ ಹಾಕಿದ್ವಲ್ಲ, ಬಚಾವಾದ್ವಿ! ಎಷ್ಟು ಸಲ ನಿಮ್ಮನ್ನ ಸೋಮಾರಿ ಅಂತ ಬೈದಿದ್ದೆ ನಾನು. ತಪ್ಪಾಯ್ತು ಬಿಡಿ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ನಾಳಿದ್ದು ಕೆಲಸ ಬಿಡೋಕೆ ಬರೆದುಕೊಡ್ತೀನಿ. ಮನೆ ಓನರಿಗೂ ಹೇಳ್ತೀನಿ. ನಿಮ್ಮ ಮಗಳು ಆಗಲೇ ಶಾಲೆಯಲ್ಲಿ ಎಲ್ಲರಿಗೂ ಟಾಟಾ ಮಾಡಿ ಬಂದಿದ್ದಾಳೆ. ಏನ್ರೀ, ಲೈನಲ್ಲಿ ಇದ್ದೀರಾ?"

"ಇದ್ದೀನಿ," ಎಂದ. ಅಷ್ಟೇ ಎಂದ.

ಮರುದಿನ ಅವನು ಹಿಡಿದ ಮೂಲೆಗಳು ಒಂದೂ ನೆಟ್ಟಗೆ ಬರಲಿಲ್ಲ. ಅಕ್ಕ ಒಂದು ಬೆಡ್‌ಶೀಟ್ ಬಿಚ್ಚಿದಳು, ಮತ್ತೆ ಮಡಿಸಿದಳು, ಮತ್ತೆ ಬಿಚ್ಚಿದಳು. "ನಿನ್ನ ಕಡೆ ಬಟ್ಟೆ ಸಡಿಲಾಗಿದೆ. ಏನಾಯ್ತು, ಬೊಗಳು."

ಅವನು ಬಟ್ಟೆಯ ಅಂಚನ್ನೇ ನೋಡುತ್ತ ಎಲ್ಲ ಹೇಳಿದ. ಅಕ್ಕನ ಮುಖದ ನಗು ಸ್ವಲ್ಪಸ್ವಲ್ಪವಾಗಿ ಇಳಿಯಿತು.

"ನನಗೆ ಹೇಳಿ ಏನು ಪುಣ್ಯ? ನನ್ನೇನು ನೀನು ಕಟ್ಕೊಂಡಿದ್ದೀಯಾ?"

"ಅರ್ಜಿ ತಿರಸ್ಕಾರ ಆಯ್ತು ಅಂದುಬಿಡ್ಲಾ ಅಕ್ಕ? ಹೇಗೂ ಎಲ್ಲರದ್ದೂ..."

ಅಕ್ಕ ತನ್ನ ಎರಡೂ ಮೂಲೆಗಳನ್ನು ಕೈಬಿಟ್ಟಳು. ಬಿಸಿ ಬಟ್ಟೆ ನೆಲಕ್ಕೆ ಬಿತ್ತು. "ಕಾನೂನೂ ತಪ್ಪೇ, ನೀನೂ ತಪ್ಪೇ. ಒಂದು ತಪ್ಪಿನ ಮೇಲೆ ಇನ್ನೊಂದನ್ನ ಹೊದಿಸಿ ಮಲಗಿಸ್ಬೇಡ. ಅವಳು ಕೆಲಸ ಬಿಡೋ ಮೊದಲು ಹೇಳು. ಈಗ್ಲೇ ಹೋಗು, ನಿನ್ನ ಪಾಲಿಂದು ನಾನು ಹೇಗೋ ನೋಡ್ಕೋತೀನಿ."

ನೋಡಿಕೊಳ್ಳಲು ಆಗುವ ಕೆಲಸವಲ್ಲ ಅದು, ಇಬ್ಬರು ಬೇಕು. ಆದರೂ ಅವನು ಹೋದ. ಬಾಯ್ಲರಿನ ಹಿಂದೆ, ಬ್ಲೀಚಿನ ಡಬ್ಬಗಳ ನಡುವೆ ನಿಂತು ಫೋನು ಹಚ್ಚಿದ. ಅವಳಿಗೆ ಊಟದ ವಿರಾಮ. ಹಿಂದೆ ಹೆಂಗಸರ ಗಲಾಟೆ ಕೇಳುತ್ತಿತ್ತು.

"ಅರ್ಜಿ ಹಾಕಿಲ್ಲ ಕಣೇ," ಎಂದ. "ಹಾಕಿದೆ ಅಂತ ಸುಳ್ಳು ಹೇಳಿದ್ದೆ."

ಗಲಾಟೆ ದೂರವಾಯಿತು. ಅವಳು ಎದ್ದು ಹೊರಗೆ ಬಂದಿರಬೇಕು.

"ಯಾಕೆ?"

ಅವನು ನೆಲಮಾಳಿಗೆಯ ಬಗ್ಗೆ ಹೇಳಿದ. ಉರುಳೆ, ಸುಟ್ಟ ಬೆರಳು, ಮೇಲ್ವಿಚಾರಣೆಯ ಸುಳ್ಳು, ಎಲ್ಲವನ್ನೂ. ಹೇಳುತ್ತ ಹೋದಂತೆ ಒಂದೊಂದು ಕಾರಣವೂ ಒಗೆದ ಬಣ್ಣದ ಬಟ್ಟೆಯಂತೆ ಮಾಸಿ ಕುಗ್ಗಿತು.

"ನೀವು ಬೆಡ್‌ಶೀಟ್ ಒಗೀತೀರಿ ಅಂತ ನನಗೆ ಗೊತ್ತಾಗಬಾರದು ಅಂತ," ಎಂದಳು ಅವಳು ನಿಧಾನವಾಗಿ, "ನಮ್ಮಿಬ್ಬರನ್ನೂ ಇಲ್ಲೇ ಬಿಟ್ರಾ?"

ಅವನು ಬ್ಲೀಚಿನ ಡಬ್ಬವೊಂದರ ಮುಚ್ಚಳ ಬಿಗಿದ.

"ಆ ಕಾನೂನು ಮಾಡಿದವರಿಗೆ ನನ್ನ ಮುಖ ಗೊತ್ತಿಲ್ಲ ರೀ. ನಿಮಗೆ ಗೊತ್ತಿತ್ತಲ್ಲ."

ಬಾಯ್ಲರು ಗೊರಗೊರ ಎಂದಿತು. ಅವಳು ಕೇಳಿದಳು, "ಇದು ಅಲ್ಲಿ ಇನ್ಯಾರಿಗಾದ್ರೂ ಗೊತ್ತಾ?"

"ನನ್ನ ಜೊತೆ ಬಟ್ಟೆ ಮಡಿಸೋ ಅಕ್ಕನಿಗೆ. ಈಗಷ್ಟೇ ಹೇಳಿದೆ."

"ಓ. ನನಗಿಂತ ಮೊದಲು." ಹಿಂದೆ ಗಂಟೆ ಹೊಡೆಯಿತು. "ವಿರಾಮ ಮುಗೀತು. ಒಳಗೆ ಹೋಗ್ಬೇಕು. ಕೆಲಸ ಬಿಟ್ಟಿಲ್ಲವಲ್ಲ, ಪುಣ್ಯ."

ಆಮೇಲಿನ ದಿನಗಳಲ್ಲಿ ಅವನು ಫೋನು ಮಾಡಿದರೆ ಮಗಳು ಎತ್ತುತ್ತಿದ್ದಳು. "ನಾನೇ ವಾಪಸ್ ಬಂದುಬಿಡ್ಲಾ, ಅಮ್ಮನ್ನ ಕೇಳು," ಎಂದು ಒಮ್ಮೆ ಹೇಳಿಕಳಿಸಿದ. ಉತ್ತರ ಮಗಳ ಬಾಯಲ್ಲೇ ಬಂತು: "ಅಮ್ಮ ಹೇಳಿದ್ರು, ಬರೋದಾದ್ರೆ ಬರಲಿ, ಆದ್ರೆ ಬಂದು ಕಾನೂನಿನ ಹೆಸರು ಹೇಳಬಾರದಂತೆ. ಅಪ್ಪಾ, ಕಾನೂನು ಅಂದ್ರೆ ಯಾರು?"

ಚಹಾ ಕೋಣೆಯಲ್ಲಿ ಈಗ ಬೇರೆ ಮಾತೇ ಇರಲಿಲ್ಲ. ಎಲ್ಲರೂ ಸೇರಿ ಕಚೇರಿಯ ಮುಂದೆ ನಿಂತು, ತಮಗಾದ ಅನ್ಯಾಯವನ್ನು ಒಬ್ಬೊಬ್ಬರಾಗಿ ಹೇಳುವುದೆಂದು ಮಾತಾಯಿತು. ಬಾಯ್ಲರ್ ನೋಡಿಕೊಳ್ಳುವವನು ಅವನ ಹೆಗಲ ಮೇಲೆ ಕೈಯಿಟ್ಟ. "ಮೊದಲು ನೀನೇ ಮಾತಾಡಬೇಕು ಮದುಮಗ. ಪಾಪ, ನಿನ್ನಷ್ಟು ಕಾದವರು ಯಾರಿದ್ದಾರೆ?"

ಎಲ್ಲರೂ ಅವನತ್ತ ತಿರುಗಿದರು. ಅವರ ಕಣ್ಣಲ್ಲಿದ್ದ ಮರುಕವನ್ನು ತಡೆದುಕೊಳ್ಳುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅನ್ಯಾಯ ನಿಜ, ಅವರ ಸಿಟ್ಟು ನಿಜ. ಆ ಸಿಟ್ಟಿನಲ್ಲಿ ಒಂದು ಮುಷ್ಟಿ ತನಗೂ ಬೇಕು ಎಂದು ಕೈ ಚಾಚಲು ಮಾತ್ರ ಅವನಿಗೆ ಮುಖವಿರಲಿಲ್ಲ.

"ಬರ್ತೀನಿ," ಎಂದ. "ಹಿಂದೆ ನಿಲ್ತೀನಿ. ಮಾತಾಡೋದು ಮಾತ್ರ ಬೇಡ. ನಾನು ಅರ್ಜಿನೇ ಹಾಕಿರಲಿಲ್ಲ."

ಯಾರೋ ಲೋಟ ಕೆಳಗಿಟ್ಟ ಸದ್ದು. ಹೆಗಲ ಮೇಲಿದ್ದ ಕೈ ಸರಿಯಿತು. ಒಬ್ಬ "ಥೂ" ಎಂದ, ಮೆಲ್ಲಗೆ, ಆದರೆ ಕೇಳುವ ಹಾಗೆ. ಅಂದಿನಿಂದ ಅವನನ್ನು ಅಲ್ಲಿ ಯಾರೂ ಮದುಮಗ ಎಂದು ಕರೆಯಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಬಟ್ಟೆ ಬರ್ತಾ ಇದೆ, ಬಾ," ಎಂದಳು.

ಅವನು ಹೋಗಿ ಎರಡು ಮೂಲೆ ಹಿಡಿದ. ಬಿಸಿಯಿತ್ತು. ಬಿಡಲಿಲ್ಲ.