ಮಗಳ ಕಾಲಿಗೆ ಕಟ್ಟಿದ ಜೀನ್ಸ್ ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಅದರಲ್ಲಿ ಎಷ್ಟು ನಿಜ, ಎಷ್ಟು ಮಸಾಲೆ ಎಂದು ಮನಸ್ಸಿನಲ್ಲೇ ತೂಗಿ ನೋಡುವ ಚಟ ನನ್ನದು. ಈಗ ನೀವು ನನ್ನ ಮಾತನ್ನೂ ಹಾಗೆಯೇ ತೂಗಿದರೆ ನನಗೆ ಬೇಸರವಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಘಟಕದಲ್ಲಿ ನನ್ನದು ಬಟ್ಟೆ ಕತ್ತರಿಸುವ ಕೆಲಸ. ಆಗ ಮಗಳು ಭೂಮಿಗೆ ಮೂರು ತುಂಬಿರಲಿಲ್ಲ. ಕತ್ತಲೆಗೆ ಹೆದರುತ್ತಿರಲಿಲ್ಲ, ಹಲ್ಲಿ ಕಂಡರೆ ಹಿಡಿಯಲು ಹೋಗುತ್ತಿದ್ದಳು, ಗುಡುಗಿದರೆ ಚಪ್ಪಾಳೆ ತಟ್ಟುತ್ತಿದ್ದಳು. ಅಂಥವಳು ಒಂದು ರಾತ್ರಿ ಹಾಸಿಗೆ ಮೇಲೆ ಕೂತು, ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳತೊಡಗಿದಳು.

"ಅಪ್ಪಾ, ನನ್ನ ಕಾಲು ಹೋಗ್ತಾವ."

"ಎಲ್ಲಿಗೆ ಹೋಗ್ತಾವ?"

"ನಂಗೊತ್ತಿಲ್ಲ. ನಾನು ಮಕ್ಕಂಡ ಮ್ಯಾಲೆ ಹೋಗ್ತಾವ. ಕಟ್ಟಿ ಹಾಕು."

ನಾನೂ ಹೆಂಡತಿ ರೇಣುಕಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಕಟ್ಟುವವರೆಗೂ ಅವಳು ಕಣ್ಣು ಮುಚ್ಚಲಿಲ್ಲ. ಕೊನೆಗೆ ರೇಣುಕಾಳ ಹಳೇ ರಿಬ್ಬನ್ನಿನಿಂದ ಒಂದು ಕಾಲನ್ನು ಮಂಚಕ್ಕೆ ಕಟ್ಟಿದಂತೆ ಮಾಡಿದೆ. ಎರಡು ನಿಮಿಷಕ್ಕೆ ಗೊರಕೆ! ನಿದ್ದೆ ಹತ್ತಿದ ಮೇಲೆ ಬಿಚ್ಚಿದೆ. ಮರುದಿನವೂ ಅದೇ ರಾಗ, ಅದರ ಮರುದಿನವೂ ಅದೇ. ರಿಬ್ಬನ್ನು ಬಿಗಿಯಾಗುತ್ತದೆ ಎಂದು ತಕರಾರು ತೆಗೆದಾಗ, ಕೆಲಸದ ಜಾಗದಲ್ಲಿ ಉಳಿದ ಮೆತ್ತನೆಯ ಜೀನ್ಸ್ ಚೂರುಗಳನ್ನು ಜೋಡಿಸಿ ಉದ್ದನೆಯ ಪಟ್ಟಿ ಹೊಲಿದುಕೊಂಡು ಬಂದೆ. ಮಗಳಿಗೆ ಖುಷಿಯೋ ಖುಷಿ. ಎದುರು ಮನೆಯವರನ್ನೆಲ್ಲ ಕರೆದು, "ನನ್ನ ಕಾಲಿನ ಹಗ್ಗ ನೋಡ್ರಿ" ಎಂದು ತೋರಿಸಿದ್ದೇ ತೋರಿಸಿದ್ದು.

ಕುರುಗೋಡಿನಲ್ಲಿರುವ ನನ್ನವ್ವ ಫೋನಿನಲ್ಲಿ ವಿಷಯ ಕೇಳಿ, "ಲೇ, ಕೂಸಿಗೆ ದಿಷ್ಟಿ ಆಗೈತಿ, ಇಲ್ಲಿಗೆ ಕರಕಂಡು ಬಾ" ಎಂದು ಒಂದೇ ಸಮನೆ ಹಟ ಹಿಡಿದಳು. ರೇಣುಕಾ ಮಾತ್ರ, "ಕೂಸು ಕುಣಿಸಿದಂಗ ಕುಣೀತೀರಲ್ರಿ, ನಾಳೆ ಕೈನೂ ಕಟ್ಟು ಅಂತಾಳ" ಎಂದು ನನ್ನನ್ನೇ ಬೈದಳು.

ಹೀಗಿರುವಾಗ ರೇಣುಕಾಳ ತವರಾದ ಕರೂರಿಗೆ ಹೋದೆವು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಊರು ಮುಟ್ಟುವಷ್ಟರಲ್ಲಿ ಮೈಯೆಲ್ಲ ನುಗ್ಗಾಗಿತ್ತು. ಮಾವನ ಮನೆ ಊರ ಅಂಚಿನಲ್ಲಿದೆ. ಎದುರಿಗೆ ದಾರಿ, ದಾರಿ ದಾಟಿದರೆ ಕಾಲುವೆ, ಆಚೆಗೆ ಭತ್ತದ ಗದ್ದೆ. ಸೆಕೆ ಎಂದು ಬಾಗಿಲ ಪಕ್ಕದ ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡೆವು. ಕಟ್ಟಲು ಮಂಚವಿರಲಿಲ್ಲ. ಮಗಳು ಬಿಡಬೇಕಲ್ಲ! ಪಟ್ಟಿಯ ಒಂದು ತುದಿಯನ್ನು ಅವಳ ಕಾಲಿಗೆ, ಇನ್ನೊಂದನ್ನು ನನ್ನ ಕೈಗೆ ಕಟ್ಟಿಕೊಂಡೆ. ಅವಳಿಗೆ ನಿದ್ದೆ ಬಂದ ಮೇಲೆ ಬಿಚ್ಚುವುದು ವಾಡಿಕೆ. ಅವತ್ತು ಅವಳಿಗಿಂತ ಮೊದಲೇ ನನಗೆ ನಿದ್ದೆ ಹತ್ತಿತು.

ಕೈ ಎಳೆದಂತಾಗಿ ಎಚ್ಚರವಾದಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಮಾವ ಗದ್ದೆಗೆ ನೀರು ಕಟ್ಟಲು ಹೋಗಿದ್ದರು, ಬಾಗಿಲು ಅರ್ಧ ತೆರೆದಿತ್ತು. ಪಕ್ಕದಲ್ಲಿ ಮಗಳಿರಲಿಲ್ಲ. ಪಟ್ಟಿ ಬಿಗಿಯಾಗಿ ಹೊಸ್ತಿಲವರೆಗೆ ಚಾಚಿತ್ತು. ಅದರ ತುದಿಯಲ್ಲಿ, ಕಾಲುವೆಯ ಕಡೆ ಮುಖ ಮಾಡಿ ಭೂಮಿ ನಿಂತಿದ್ದಳು. ಒಂದು ಕಾಲು ಹೊಸ್ತಿಲಿನ ಆಚೆ ಇತ್ತು. ಪಟ್ಟಿ ಕಟ್ಟಿದ ಕಾಲು ಮಾತ್ರ ಈಚೆ ಉಳಿದು, ಮುಂದಕ್ಕೆ ಹೋಗಲು ಮತ್ತೆ ಮತ್ತೆ ಎಳೆಯುತ್ತಿತ್ತು. ನಾನು ಧಡಕ್ಕನೆ ಎದ್ದೆ. ಅವಳ ಕಣ್ಣು ಮುಚ್ಚಿದ್ದವು. ಅದೇ ಮುಚ್ಚಿದ ಕಣ್ಣಲ್ಲಿ, ಹಗಲು ಹೊತ್ತಿನಲ್ಲಿ ಮಾತಾಡುವಷ್ಟೇ ಆರಾಮವಾಗಿ ಹೇಳಿದಳು:

"ಅಪ್ಪಾ, ಗಟ್ಟಿ ಹಿಡಿ. ಹೊಂಟಾವ."

ಬಾಚಿ ಎತ್ತಿಕೊಂಡೆ. ನನ್ನ ತೋಳಿನಲ್ಲೂ ಆ ಪುಟ್ಟ ಕಾಲುಗಳು ಗಾಳಿಯಲ್ಲಿ ನಡೆಯುತ್ತಲೇ ಇದ್ದವು. ಎಡ, ಬಲ, ಎಡ, ಬಲ. ಮುಖದಲ್ಲಿ ಮಾತ್ರ ಗಾಢ ನಿದ್ದೆ. ಸ್ವಲ್ಪ ಹೊತ್ತಿಗೆ ತಾವಾಗಿಯೇ ನಿಂತವು. ಆಮೇಲೆ ಎದ್ದು ಬಾಗಿಲಿಗೆ ಅಗಳಿ ಹಾಕಿದೆ.

ಬೆಳಿಗ್ಗೆ ಅವಳು ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದಿಟ್ಟುಕೊಂಡು, ಅದರೊಳಗಿನ ಶೇಂಗಾ ಮಾತ್ರ ಆರಿಸಿ ತಿನ್ನುತ್ತಿದ್ದಳು. ರಾತ್ರಿ ಏನಾಯಿತು ಎಂದು ಮೆಲ್ಲಗೆ ಕೇಳಿದೆ.

"ಕಾಲು ನೀರು ನೋಡಾಕ ಹೊಂಟಿದ್ವು. ನೀನು ಬಿಡಲಿಲ್ಲ."

"ಮತ್ತ ಈಗ?"

"ಇನ್ನ ಹೋಗಲ್ಲಂತ" ಎಂದು ಇನ್ನೊಂದು ಶೇಂಗಾ ಬಾಯಿಗೆ ಹಾಕಿಕೊಂಡಳು. ಅವತ್ತು ರಾತ್ರಿ ಕಟ್ಟು ಎನ್ನಲಿಲ್ಲ. ಆಮೇಲೆ ಯಾವತ್ತೂ ಎನ್ನಲಿಲ್ಲ.

ಬಳ್ಳಾರಿಗೆ ಬಂದ ಮೇಲೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ನಿದ್ದೆಯಲ್ಲಿ ನಡೆಯುವುದು ಕೆಲವು ಮಕ್ಕಳಲ್ಲಿ ಇರುತ್ತದೆ, ಗಾಬರಿ ಬೇಡ ಎಂದರು. ಇರಬಹುದು, ಒಪ್ಪಿದೆ. ಆದರೆ ಅವಳು ಅದಕ್ಕೂ ಮೊದಲು ಒಮ್ಮೆಯೂ ಎದ್ದು ನಡೆದವಳಲ್ಲ, ಆಮೇಲೂ ನಡೆಯಲಿಲ್ಲ. ನಿದ್ದೆಯಲ್ಲಿ ಒಂದೇ ಸಲ ನಡೆಯಲಿದ್ದ ಆ ನಡಿಗೆಯ ಸುದ್ದಿ ಅಷ್ಟು ಮುಂಚೆಯೇ ಅವಳಿಗೆ ಹೇಗೆ ತಿಳಿಯಿತು? ಇದನ್ನು ಕೇಳಿದಾಗ ವೈದ್ಯರು ನಕ್ಕು ಮುಂದಿನವರನ್ನು ಕರೆದರು. ಭೂಮಿ ಈಗ ಶಾಲೆಗೆ ಹೋಗುತ್ತಾಳೆ. ಆ ರಾತ್ರಿಯ ಬಗ್ಗೆ ಕೇಳಿದರೆ, "ಸುಳ್ಳು ಹೇಳಬ್ಯಾಡಪ್ಪ" ಎನ್ನುತ್ತಾಳೆ.

ಕಳೆದ ವಾರ ಅವಳ ತಮ್ಮ, ಈಗಷ್ಟೇ ಮಾತು ಕೂಡಿಸುವವನು, ಮಲಗುವ ಮುಂಚೆ ಗೋಡೆ ಮುಟ್ಟಿ ಮುಖ ಸಣ್ಣದು ಮಾಡಿದ.

"ಗೋಡಿಗೆ ಚಳಿ."

ಬಳ್ಳಾರಿಯ ಬೇಸಿಗೆಯಲ್ಲಿ ಗೋಡೆಗೆ ಚಳಿ! ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ರೇಣುಕಾ ಎದ್ದು, ಕಪಾಟಿನಿಂದ ಹೊದೆಯುವ ದಪ್ಪನೆಯ ದುಪ್ಪಟಿ ತೆಗೆದು, ನನ್ನ ಕೈಗೆ ಕೊಟ್ಟಳು.

"ನಗಬ್ಯಾಡ್ರಿ. ಗೋಡಿಗೆ ಮೊಳೆ ಹೊಡೀರಿ."