ಐಸ್ ನೀರಾದ ಮಧ್ಯಾಹ್ನ

ನನ್ನ ಮೊಮ್ಮಗಳು ಅಕ್ಷತಾಳಿಗೆ ಡಾಕ್ಟರೇಟ್ ಬಂತು! ನಿನ್ನೆ ಅವಳೇ ಮನೆಗೆ ಬಂದು ಹೇಳಿದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಅಜ್ಜಿಗೆ ಈಗಲೂ ಕಾಲು ನೆಲದಲ್ಲಿ ನಿಲ್ಲುತ್ತಿಲ್ಲ. ಆದರೆ ಆ ಸಂತೋಷದ ಹಿಂದೆ ಒಂದು ಸಂಗತಿ ಇದೆ.

ಮಟಮಟ ಮಧ್ಯಾಹ್ನ ಯಾರಾದರೂ ಕರೆದರೆ ಮೂರು ಸಲ ಕೇಳಿಸುವ ತನಕ ಓಗೊಡಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಒಂದೇ ಸಲ ಕರೆಯುವುದು ಮನುಷ್ಯರಲ್ಲವಂತೆ. ನಾನು ನಂಬುತ್ತಿರಲಿಲ್ಲ, ನಂಬುವವರನ್ನು ಕಂಡು ನಗುತ್ತಿದ್ದೆ.

ಎರಡು ವರ್ಷದ ಹಿಂದಿನ ಬೇಸಿಗೆ. ಕಬ್ಬಿಣಕ್ಕೆ ಒಂದು ವಿಷಗಾಳಿ ಸೇರಿಸಿ ಮಾಡುವ ಕಾರ್ಬೊನಿಲ್ ಎಂಬ ವಸ್ತುವಿನ ಹರಳು ಬೆಳೆಸುವುದು ಅಕ್ಷತಾಳ ಕೆಲಸ. ಹರಳಿಗೆ ಎಕ್ಸ್‌ರೇ ಬಿಟ್ಟರೆ ಒಳಗೆ ಒಂದೊಂದು ಪರಮಾಣುವೂ ಎಲ್ಲಿ ಕೂತಿದೆಯೆಂದು ತಿಳಿಯುತ್ತದಂತೆ. ಮೊದಲಿನ ಹರಳುಗಳೆಲ್ಲ ಕೆಟ್ಟು ಮಗು ಸೊರಗಿ ಕಡ್ಡಿಯಾಗಿದ್ದಳು. ಕೊನೆಗೆ ಒಳ್ಳೆಯದೊಂದು ಬಂದಿತ್ತು. ಬಾಯಿ ಬೆಸೆದ ಗಾಜಿನ ನಳಿಗೆಯಲ್ಲಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಮಂಗಳೂರಿನಿಂದ ತಂದಿದ್ದಳು. ರಾತ್ರಿ ನೆಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿನ ಎಕ್ಸ್‌ರೇ ಯಂತ್ರಕ್ಕೆ ಒಯ್ಯಬೇಕು. ಬೆಚ್ಚಗಾದರೆ ಹರಳು ಕರಗಿಹೋಗುತ್ತದೆಂದು ಹೇಳಿ, ಡಬ್ಬಿಯನ್ನು ತನ್ನ ಕೋಣೆಯಲ್ಲಿಟ್ಟು, ಇನ್ನಷ್ಟು ಐಸ್ ತರಲು ಅಪ್ಪನೊಟ್ಟಿಗೆ ಕಾರಿನಲ್ಲಿ ಕಡಬ ಪೇಟೆಗೆ ಹೋದಳು.

ನಾನು ಅಡುಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದೆ.

"ಅಜ್ಜೀ, ಐಸ್ ನೀರಾಯ್ತು."

ಅಕ್ಷತಾಳದೇ ಸ್ವರ, ಅವಳ ಕೋಣೆಯಿಂದ. ಬಂದಳೇ ಎಂದು ಇಣುಕಿದರೆ ಅಂಗಳದಲ್ಲಿ ಕಾರಿಲ್ಲ. ಇನ್ನೆರಡು ಸಲ ಕರೆಯಲಿ ಎಂದು ಕಾದೆ. ಕರೆಯಲಿಲ್ಲ. ಹೋದರೆ ನನಗೇನಾಗುವುದೋ, ಹೋಗದಿದ್ದರೆ ಮಗುವಿನ ಓದು ಏನಾಗುವುದೋ. ಕಡೆಗೆ ಹೋದೆ. ಕೋಣೆಯಲ್ಲಿ ಯಾರೂ ಇಲ್ಲ. ಮುಚ್ಚಳ ತೆರೆದರೆ ಡಬ್ಬಿಯ ತುಂಬ ನೀರು, ಮೇಲೆ ಒಂದೆರಡು ಚೂರು ಐಸ್. ಬೆಳಿಗ್ಗೆಯಿಂದ ಕರೆಂಟಿಲ್ಲದೆ ಫ್ರಿಜ್ಜೂ ಬೆಚ್ಚಗಾಗಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನವರ ಹಾರ್ನ್ ಕೇಳಿತು. ಬಾಲ್ದಿ ಹಿಡಿದು ಓಡಿದೆ.

"ಮೀನು ಬೇಡ, ಐಸ್ ಮಾತ್ರವಾ? ಎಂತ ಅಜ್ಜಿ, ಇವತ್ತು ಐಸಿನದ್ದೇ ಗಸಿ ಮಾಡುವುದಾ?" ಎನ್ನುತ್ತಲೇ ಅವರು ಪೆಟ್ಟಿಗೆಯಿಂದ ಬಾಚಿ ಕೊಟ್ಟರು. ನಳಿಗೆ ಅಲುಗದಂತೆ ಸುತ್ತಲೂ ತುಂಬಿದೆ. ಕೋಣೆಯೆಲ್ಲ ಬಂಗುಡೆ ಮೀನಿನ ವಾಸನೆ.

ದಾರಿಯಲ್ಲಿ ಕಾರು ಕೆಟ್ಟು ಅವರು ಬಂದದ್ದು ಸಂಜೆ. ತಂದ ಐಸೂ ಕರಗಿತ್ತು. ಅಕ್ಷತಾ ಓಡಿ ಹೋಗಿ ಡಬ್ಬಿ ನೋಡಿದವಳು ಅಲ್ಲೇ ಕೂತುಬಿಟ್ಟಳು. ಹರಳು ಹಾಗೆಯೇ ಇತ್ತು. ನೀನೇ ಅಲ್ಲವಾ ಕರೆದದ್ದು ಎಂದು ಕೇಳಿದೆ.

"ನಾನಾ? ನಾನು ಕಾರು ದೂಡ್ತಾ ಇದ್ದೆ ಅಜ್ಜಿ."

ಆ ಹರಳಿನಿಂದಲೇ ಅವಳಿಗೆ ಬೇಕಾದ ರಚನೆ ಸಿಕ್ಕಿತು, ಅದರಿಂದಲೇ ಈ ಡಾಕ್ಟರೇಟ್. ಕರೆದದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಓದುವವರಿಗೆ ಗೊತ್ತಾದರೆ ಹೇಳಿ.

ನಿನ್ನೆ ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಕೋಳಿಸಾರಿಗೆ ಗರಿಗರಿ ಅಕ್ಕಿರೊಟ್ಟಿ ಮುರಿದು ಹಾಕಿ ತಿನ್ನುವ ಕೋರಿ ರೊಟ್ಟಿ. ನಡುವೆ ಅಕ್ಷತಾ ಸಣ್ಣಗೆ ಕೇಳಿದಳು: "ಅಜ್ಜಿ, ಅದು ನನ್ನದೇ ಸ್ವರವಾ? ಸರಿ ನೆನಪುಂಟಾ?"

"ಉಂಟು" ಎಂದೆ.

ಯಾರೂ ನಗಲಿಲ್ಲ. ಮಗ ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದ. ನಾನು ಅವಳ ಬಟ್ಟಲಿಗೆ ಇನ್ನೊಂದು ರೊಟ್ಟಿ ಮುರಿದು ಹಾಕಿದೆ.